ಅರವತ್ತೆರಡು ಸಾವಿರ ಕಿಲೋಮೀಟರು

ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಡಬ್ಬದೊಳಗೆ ಮೊಳೆ ಅಲುಗಿಸಿದಂತೆ ಎಂಜಿನ್ ಕಟಕಟ ಎಂದಿತು. ವಾರಿಜಾ ಹೆದರಿ ಕಾರನ್ನು ಗ್ಯಾರೇಜಿಗೆ ತಂದಳು.

"ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸವೆದಿದೆ ಮೇಡಂ. ಈಗ್ಲೇ ಬದಲಾಯಿಸ್ಬೇಕು. ದಾರೀಲಿ ತುಂಡಾದ್ರೆ ಗಾಡಿ ಅಲ್ಲೇ ನಿಂತ್‌ಹೋಗತ್ತೆ," ಎಂದ ಮೆಕ್ಯಾನಿಕ್.

ಎರಡು ವರ್ಷದ ಹಿಂದೆ ಈ ಹಳೆಯ ಕಾರು ಕೊಂಡಾಗ ಜೊತೆಗೆ ಬಂದ ಕೈಪಿಡಿಯನ್ನು ಅವಳು ಅಕ್ಷರ ಬಿಡದೆ ಓದಿದ್ದಳು.

"ಒಂದೂವರೆ ಲಕ್ಷ ಕಿಲೋಮೀಟರ್ ಆದ್ಮೇಲೆ ಅಂತ ಪುಸ್ತಕದಲ್ಲಿದೆ. ಮೀಟರ್ ನೋಡಿ, ಅರವತ್ತೆರಡು ಸಾವಿರ! ಹೆಂಗಸು ಅಂತ ಟೋಪಿ ಹಾಕ್ತೀರಾ? ನಾಳೆ ತುಂಬು ಬಸುರಿ ಮಗಳನ್ನ ಕೂರಿಸ್ಕೊಂಡು ಘಾಟಿ ಇಳೀಬೇಕು, ಸುಮ್ಮನೆ ಹೆದರಿಸ್ಬೇಡಿ."

ಕೈ ಒರೆಸಿಕೊಳ್ಳುತ್ತಿದ್ದವನು ತಟ್ಟನೆ ನಿಂತ.

"ಹಾಗಾದ್ರೆ ದುಡ್ಡೇ ಬೇಡ. ಚೈನೂ ನಂದೇ. ಸಂಜೆಯೊಳಗೆ ಹಾಕ್ಕೊಡ್ತೀನಿ."

ಅವಳ ಅನುಮಾನ ಇನ್ನಷ್ಟು ಬಲವಾಯಿತು. ಪುಕ್ಕಟೆ ದುಡಿಯುವ ಮೆಕ್ಯಾನಿಕ್‌ನನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಬೇಡ. ಬೇರೆ ಕಡೆ ತೋರಿಸ್ತೀನಿ. ಕೀ ಕೊಡಿ."

ಆತ ಕೀಲಿಯನ್ನು ಮುಷ್ಟಿಯಲ್ಲೇ ಬಿಗಿಹಿಡಿದು ತಲೆ ತಗ್ಗಿಸಿದ.

"ಆ ಮೀಟರ್ ನಂಬ್ಬೇಡಿ ಅಕ್ಕಾ. ನಿಮಗೆ ಮಾರೋಕ್ ಮುಂಚೆ ಅದನ್ನ ಹಿಂದಕ್ಕೆ ತಿರುಗಿಸಿದೋನು ನಾನೇ."