ಶ್ರಾವಣದಿಂದ ತೆಗೆಯದ ಫಿಲ್ಟರ್

ಈ ಊರಲ್ಲಿ ಮೈಗೆ ಬಿದ್ದ ಏಟು ಕಲೆಯ ಹಾಗೆ ಬಟ್ಟೆಗೂ ಹಿಡಿಯುತ್ತದೆ. ಒಗೆದಾಗ ಬಿಟ್ಟುಕೊಂಡು ವಾಷಿಂಗ್ ಮಷೀನಿನ ಫಿಲ್ಟರಿಗೆ ಇಳಿಯುತ್ತದೆ. ಅದಕ್ಕೇ ಹೆಂಗಸರು ವಾರಕ್ಕೊಮ್ಮೆ ಪಕ್ಕಕ್ಕೆ ಸರಿದು ಕೂತು, ಕೆಳಗಿನ ಮುಚ್ಚಳ ತಿರುಗಿಸುತ್ತಾರೆ. ಪಕ್ಕದ ಮನೆ ಗುಲಾಬಮ್ಮನ ಮಷೀನಿನಿಂದ ಬಸ್ಸಿನ ನೂಕಾಟ, ಮಗು ಜಾರಿಬಿದ್ದ ಪೆಟ್ಟು ಹೊರಬಿದ್ದು ಎದುರಿನ ಗೋಡೆಗೆ ಬಡಿದು ಸುಮ್ಮನಾಗುತ್ತವೆ.

ನೀಲಾಂಬಿಕೆ ಮಾತ್ರ ಹೋದ ಶ್ರಾವಣದಿಂದ ಫಿಲ್ಟರ್ ಮುಟ್ಟಿರಲಿಲ್ಲ.

ಆಷಾಢದ ಒಂದು ಭಾನುವಾರ ಮಷೀನು ನೀರು ಬಿಡದೆ ನಿಂತಿತು. ಗಂಡ ಚನ್ನವೀರನ ಅಂಗಿಗಳೆಲ್ಲ ಒಳಗೇ ಉಳಿದವು.

"ಒಂದು ಮಷೀನು ನೋಡ್ಕೊಳ್ಳೋ ಯೋಗ್ಯತೆ ಇಲ್ವಾ ನಿಂಗೆ?" ಎಂದು ಅವಳ ಬೆನ್ನಿಗೆ ಗುದ್ದಿದ.

"ಫಿಲ್ಟರ್ ಮುಚ್ಚಳ ಬಿಗಿಯಾಗಿದೆ ರೀ. ನನ್ನ ಕೈಲಿ ಆಗ್ತಿಲ್ಲ."

ಜನ್ಮದಲ್ಲಿ ಒಂದು ಕರ್ಚೀಫು ಒಗೆದವನಲ್ಲ. ಒಗೆಯುವವರು ಯಾರೂ ಕೂರದ ಹಾಗೆ, ಫಿಲ್ಟರಿಗೆ ನೇರ ಮುಖ ಕೊಟ್ಟು ಕುಕ್ಕರುಗಾಲಲ್ಲಿ ಕೂತ. ಬಲವಾಗಿ ತಿರುಗಿಸಿದ.

ಅವಳ ಸೀರೆಗಳಿಂದ ಇಳಿದಿದ್ದ ಹಳೆಯ ಏಟುಗಳೇ ಮೊದಲು ಬಂದವು. ಒಂದಕ್ಕೆ ಹಲ್ಲು ಹೋಯಿತು, ಇನ್ನೊಂದಕ್ಕೆ ಮೂಗು ಒಡೆಯಿತು. ಗೌರಿ ಹಬ್ಬದ ದಿನದ ಒದೆ ಪಕ್ಕೆಲುಬನ್ನು ಮುರಿದು ಅವನನ್ನು ಗೋಡೆಗೆ ಒತ್ತಿ ಹಿಡಿಯಿತು.

"ಮುಚ್ಚೇ ಅದನ್ನ!" ಎಂದು ರಕ್ತ ಉಗುಳುತ್ತ ಚೀರಿದ.

ನೀಲಾಂಬಿಕೆ ಸೆರಗು ಸಿಕ್ಕಿಸಿಕೊಂಡು, ಪಕ್ಕಕ್ಕೆ ಸರಿದು ಕೂತಳು.

"ಪೂರ್ತಿ ಖಾಲಿಯಾಗೋವರೆಗೂ ಮುಚ್ಚಬಾರದು ರೀ. ಇನ್ನೂ ದಸರಾದ್ದೇ ಬಂದಿಲ್ಲ."