ಎರಡು ವಾರಕ್ಕೊಮ್ಮೆ

ಹತ್ತು ವರ್ಷ ಕೂತು ಎಲ್ಲ ಮುಗಿಸಿ ಆಮೇಲೆ ತೋರಿಸಿದ್ದು ಸಾಕು, ಇನ್ನು ಎರಡು ವಾರಕ್ಕೊಮ್ಮೆ ಬಳಸುವ ಸೈನಿಕನಿಗೇ ತೋರಿಸಿ ತಿದ್ದಿಕೊಳ್ಳಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಅದರಂತೆ, ಗಡಿಠಾಣೆಯ ರೇಡಾರ್‌ಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ವಾರಿಜಾಳ ತಂಡಕ್ಕೆ ಸೇನೆ ಹವಾಲ್ದಾರ್ ಮಡಿವಾಳಪ್ಪನನ್ನು ಕಳಿಸಿಕೊಟ್ಟಿತು.

ವರ್ಷವಿಡೀ ಅವನು ತಪ್ಪದೆ ಬಂದ. ಎಚ್ಚರಿಕೆಯ ಗಂಟೆ ತೀರಾ ಕೀರಲು ಎಂದ, ಇಳಿಸಿದರು. ಎರಡು ಸದ್ದುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದ, ಬದಲಿಸಿದರು. ಪರದೆಯ ಬಗ್ಗೆ ಕೇಳಿದರೆ ಮಾತ್ರ ಯಾವಾಗಲೂ "ಛಲೋ ಐತ್ರಿ" ಎನ್ನುವುದೊಂದೇ. ಅದು ವಾರಿಜಾಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೊನೆಯ ಭೇಟಿಯ ದಿನ ಬಂತು; ಮರುದಿನ ಯಂತ್ರಗಳು ಗಡಿಗೆ ಹೊರಡಬೇಕಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವನು ಬಗ್ಗಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಹವಾಲ್ದಾರ್ರೇ, ನಿಜ ಹೇಳಿ. ಹಿಮದಲ್ಲಿ ದಪ್ಪ ಗ್ಲೌಸ್ ಹಾಕ್ಕೊಂಡು ಇಷ್ಟು ಸಣ್ಣ ಬಟನ್ ಒತ್ತೋಕಾಗುತ್ತಾ? ಠಾಣೆಯಲ್ಲಿ ನೀವು ಹೇಗೆ ಮಾಡ್ತಿದ್ರಿ?"

ಅವನು ಸಹಿ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ.

"ಠಾಣೆ ನಾ ನೋಡಿಲ್ರಿ ಮೇಡಮ್. ರೇಡಾರ್ ಮಂದಿಗೆ ಬಿಡುವಿಲ್ಲಂತ ಸಾಹೇಬ್ರು ನನ್ನ ಕಳಿಸ್ಯಾರ. ನಾ ರೆಜಿಮೆಂಟ್ ಬ್ಯಾಂಡ್‌ನ್ಯಾಗ ಕ್ಲಾರಿನೆಟ್ ಊದಾಂವ್ರಿ."