ಮಾಳಮ್ಮ ನಂಬಿದ ಹಸಿರು ಕಾರ್ಡ್

ಹತ್ತಬೇಕು... ಇಳಿಯಬೇಕು... ಪಕ್ಕದ್ದಕ್ಕೆ ಹೋಗಿ ಮತ್ತೆ ಹತ್ತಬೇಕು...

ವನಜಾಕ್ಷಿಗೆ ಸಾಕುಸಾಕಾಗಿ ಹೋಗಿತ್ತು.

ತುಮಕೂರಿನ ಹೊರವಲಯದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟ್. ಅದರ ಸುತ್ತ ಕಬ್ಬಿಣದ ಪೈಪುಗಳ ಸಾರವೆ. ಮೊದಲು ಅದೇ ಸೈಟಿನ ಸ್ಟೋರ್‌ನಲ್ಲಿ ನೆರಳಲ್ಲಿ ಕೂತು ಕೆಲಸ ಮಾಡಿಕೊಂಡಿದ್ದವಳು, ಈಗ ಆ ಸಾರವೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವುದನ್ನು ಕಲಿಯುತ್ತಿದ್ದಳು.

ಕಲಿಸುವವರು ಖಾದರ್ ಸರ್. ಸೇಫ್ಟಿ ಕೆಲಸದಲ್ಲೇ ತಲೆ ನರೆಸಿಕೊಂಡವರು.

"ಕೆಳಗೆ ನಿಂತು ನೋಡಿದ್ರೆ ಆಗಲ್ಲಮ್ಮ. ಪೈಪು ಜೋಡಿಸಿರೋ ಒಂದೊಂದು ಕ್ಲಾಂಪ್ ಕೈಯಲ್ಲಿ ಹಿಡಿದು ಅಲ್ಲಾಡ್ಸು. ಸಾರವೆನ ಗೋಡೆಗೆ ಬಿಗಿದಿರೋ ಟೈ ಒಂದೂ ಬಿಡದೆ ಮುಟ್ಟು. ಕಾರ್ಡ್ ಆಮೇಲೆ."

ಎಲ್ಲ ಸರಿ ಇದ್ದರೆ ಹಸಿರು ಕಾರ್ಡಿಗೆ ಸಹಿ ಹಾಕಿ ಏಣಿಯ ಬುಡದಲ್ಲಿ ನೇತುಹಾಕಬೇಕು. ಇಲ್ಲದಿದ್ದರೆ ಕೆಂಪು. ಕೆಂಪು ಬಿದ್ದರೆ ಕೆಲಸ ಬಂದ್.

ಕೆಂಪು ಹಾಕಿದ ದಿನ ಇಂಜಿನಿಯರ್ ಸುಹಾಸ್ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಗಾರೆಯವರು ಅವಳಿಗೆ 'ಕೆಂಪಮ್ಮ' ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದರು!

ಹಸಿರು ಹಾಕಿದ ದಿನ ಮಾತ್ರ ಒಬ್ಬರೂ ಥ್ಯಾಂಕ್ಸ್ ಹೇಳುತ್ತಿರಲಿಲ್ಲ... ಬೀಳದೇ ಉಳಿದದ್ದು ಯಾರ ಕಣ್ಣಿಗೆ ಬೀಳುತ್ತದೆ ಹೇಳಿ?

ಅವತ್ತು ಅವಳ ಫೈನಲ್ ಟೆಸ್ಟ್. ಎಲ್ಲ ಸಾರವೆ ಅವಳೊಬ್ಬಳೇ ನೋಡಿ ಕಾರ್ಡ್ ಹಾಕಬೇಕು, ಆಮೇಲೆ ಖಾದರ್ ಸರ್ ಬಂದು ತಾಳೆ ನೋಡುತ್ತಾರೆ. ಪಾಸಾದರೆ ಈ ಕೆಲಸ ಖಾಯಂ. ಇಲ್ಲವಾದರೆ ಮತ್ತೆ ಸ್ಟೋರ್. ಇಷ್ಟು ದಿನ ಹತ್ತಿ ಇಳಿದದ್ದೆಲ್ಲ ನೀರಲ್ಲಿ ಹೋಮ.

ಬೆಳಿಗ್ಗೆಯೇ ಮಂಡಿ ಹಿಡಿದುಕೊಂಡಿತ್ತು. ಹಿಂಬದಿಯ ಸಾರವೆ ಒಂದೇ ಬಾಕಿ. ನಿನ್ನೆ ಚೆನ್ನಾಗಿಯೇ ಇತ್ತಲ್ಲ... ರಾತ್ರೋರಾತ್ರಿ ಏನಾಗಿಬಿಡುತ್ತದೆ...

ಕೆಳಗೇ ನಿಂತು ಒಮ್ಮೆ ಕತ್ತೆತ್ತಿ ನೋಡಿದಳು. ಹಸಿರು ಕಾರ್ಡಿಗೆ ಸಹಿ ಹಾಕಿ, ನೇತುಹಾಕಿ, ಟೀ ಕುಡಿಯಲು ಹೋದಳು.

ವಾಪಸ್ ಬಂದು ನೋಡಿದರೆ ಅದೇ ಸಾರವೆಯ ಕೆಳಗಿನ ಪೈಪಿಗೆ ಹಳೇ ಸೀರೆಯ ಜೋಲಿ! ಒಳಗೆ ಕೂಸು ನಿದ್ದೆ ಹೋಗಿತ್ತು. ಪಕ್ಕದಲ್ಲಿ ಗಾರೆ ಹೊರುವ ಮಾಳಮ್ಮ ತಲೆಯ ಮೇಲಿಡುವ ಬಟ್ಟೆಯ ಸಿಂಬಿ ಸುತ್ತುತ್ತಿದ್ದಳು. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವಳು.

"ಇಲ್ಲಿ ಕಟ್ಟಬಾರದು ಅಂತ ಗೊತ್ತಿಲ್ವೇನಮ್ಮ?" ವನಜಾಕ್ಷಿ ರೇಗಿದಳು.

"ಬ್ಯಾರೆ ಕಡಿ ನೆಳ್ಳ ಇಲ್ರಿ ಮೇಡಮ್... ಕೆಂಪು ಇದ್ದಲ್ಲಿ ನಾ ಕೂಸಿನ್ನ ಹಾಕಂಗಿಲ್ರಿ. ನಂಗ ಓದಾಕ ಬರಂಗಿಲ್ಲ, ಬಣ್ಣ ತಿಳೀತದ. ಹಸಿರು ಇತ್ತಂದ್ರ ನೀವು ಹತ್ತಿ ನೋಡೀರಿ ಅಂತ ಅರ್ಥ ಅಲ್ರಿ?"

ನಗುತ್ತಲೇ ಹೇಳಿದಳು.

ವನಜಾಕ್ಷಿ ಏಣಿಯ ಕಡೆ ಓಡಿದಳು.

"ಕೂಸನ್ನ ತಗೋ... ಈಗಲೇ ತಗೊಂಡು ದೂರ ಹೋಗು! ಯಾರೂ ಮೇಲೆ ಹತ್ತಬೇಡಿ!"

ಮಂಡಿನೋವು ಮರೆತುಹೋಯಿತು. ಒಂದೊಂದೇ ಕ್ಲಾಂಪ್ ಮುಟ್ಟುತ್ತಾ ಹತ್ತಿದಳು.

ಮೂರನೇ ಅಂತಸ್ತಿನಲ್ಲಿ ಟೈ ಇರಬೇಕಾದ ಕಡೆ ಕೈಗೆ ಏನೂ ಸಿಗಲಿಲ್ಲ. ಅದರ ಪಕ್ಕದ್ದೂ ಇರಲಿಲ್ಲ...

ಟೈ ಇದ್ದರೆ ಪ್ಲಾಸ್ಟರ್‌ನಲ್ಲಿ ತೇಪೆ ಕಾಣುತ್ತದೆಂದು ನಿನ್ನೆ ಸಂಜೆ ಗಾರೆಯವರು ಬಿಚ್ಚಿಟ್ಟಿದ್ದರು. ಗೋಡೆ ನುಣ್ಣಗಿತ್ತು. ಪೈಪನ್ನು ಮೆಲ್ಲಗೆ ತಳ್ಳಿದಳು... ಸಾರವೆ ಗೋಡೆಯಿಂದ ಆಚೆಗೆ ವಾಲಿತು.

ಇನ್ನು ಸ್ವಲ್ಪ ಹೊತ್ತಿಗೆ ಇದರ ಮೇಲೆ ಗಾರೆ ಬಾಂಡ್ಲಿಗಳು, ಆಳುಗಳು... ಕೆಳಗೆ ಆ ಜೋಲಿ...

ಫೋನಿನಲ್ಲಿ ಸುಹಾಸ್‌ಗೆ ಟೈ ಇಲ್ಲದ್ದನ್ನು ಹೇಳಿ ಕೆಳಗಿಳಿದಳು. ಸುಹಾಸ್ ಓಡಿ ಬಂದ.

"ಮೇಡಮ್, ಖಾದರ್ ಸರ್ ಗೇಟ್ ಹತ್ರ ಬಂದ್ರು. ಕಾರ್ಡ್ ಹಾಗೇ ಇರ್ಲಿ, ಟೈ ನಾನು ಹಾಕಿಸ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ನಿಜ... ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಪಾಸೂ ಆಗುತ್ತಿದ್ದಳು.

ದೂರದಲ್ಲಿ ಮಾಳಮ್ಮ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು.

ವನಜಾಕ್ಷಿ ಹಸಿರು ಕಾರ್ಡ್ ಕಿತ್ತಳು. ಕೆಂಪು ನೇತುಹಾಕಿದಳು.

ಖಾದರ್ ಸರ್ ಅವಳ ಕೈಯಲ್ಲಿದ್ದ ಹಸಿರು ಕಾರ್ಡ್ ನೋಡಿದರು.

"ಇವತ್ತಿನ ಸಹಿ ಇದು... ಹತ್ತಿ ನೋಡಿ ಹಾಕಿದ್ಯಾ?"

"ಇಲ್ಲ ಸರ್..." ಕಾರ್ಡನ್ನು ಅವರತ್ತ ಚಾಚಿದಳು. "ಸುಸ್ತಾಗಿತ್ತು ಸರ್."

ಅಷ್ಟರಲ್ಲಿ ಹತ್ತಿರ ಬಂದಿದ್ದ ಮಾಳಮ್ಮನಿಗೂ ಅದು ಕೇಳಿಸಿತು. ಕೂಸಿನ ತಲೆಯ ಮೇಲೆ ಸೆರಗು ಹೊದಿಸಿ ಆ ಕಡೆ ತಿರುಗಿಕೊಂಡಳು. ಆಗ ವನಜಾಕ್ಷಿಯ ಕಣ್ಣೀರು ಕಟ್ಟೆಯೊಡೆಯಿತು.

ಖಾದರ್ ಸರ್ ಅಲ್ಲೇ ಹಲಗೆಯ ಮೇಲೆ ಕೂತರು. ತಮ್ಮ ಮಂಡಿಯನ್ನೂ ಉಜ್ಜಿಕೊಂಡರು.

"ನಂಗೂ ದಿನಾ ಸುಸ್ತಾಗುತ್ತಮ್ಮ. ಸುಸ್ತಾದ ದಿನವೇ ಹತ್ತಿ ನೋಡ್ಬೇಕು ಅನ್ನೋದು ನಾನು ನಿಂಗೆ ಹೇಳ್ಕೊಡ್ಲಿಲ್ಲ ನೋಡು... ಇವತ್ತು ನಿನ್ನ ಪಾಸ್ ಮಾಡಕ್ಕಾಗಲ್ಲ. ಇನ್ನೊಂದು ತಿಂಗಳು ನನ್ನ ಜೊತೆ ಹತ್ತು. ಆದ್ರೆ ಸ್ಟೋರಿಗಂತೂ ಕಳಿಸಲ್ಲ. ತಾನು ಹಾಕಿದ ಸಹಿನ ತಾನೇ ಕಿತ್ತವಳನ್ನ ಬಿಟ್ಟುಕೊಡಲ್ಲ."

ಟೈಗಳನ್ನು ಮತ್ತೆ ಗೋಡೆಗೆ ಬಿಗಿದರು. ವನಜಾಕ್ಷಿ ಸುಹಾಸನ ಹತ್ತಿರ ಜಗಳವಾಡಿ, ಸೈಟ್ ಆಫೀಸಿನ ಮೂಲೆಯಲ್ಲಿ ಕೂಸಿಗೆ ಜಾಗ ಕೊಡಿಸಿದಳು.

ಮರುದಿನ ಬೆಳಿಗ್ಗೆ ತುದಿಯವರೆಗೂ ಹತ್ತಿ, ಎಲ್ಲವನ್ನೂ ಮುಟ್ಟಿ ನೋಡಿ, ಹಸಿರು ಹಾಕಿ, ಏಣಿಯ ಬುಡದಲ್ಲಿ ಏದುಸಿರು ಬಿಡುತ್ತಾ ಕೂತಿದ್ದಳು.

ಮಾಳಮ್ಮ ಬಾಂಡ್ಲಿ ಹಿಡಿದು ಬಂದಳು. ದಿನವೂ ಕಾರ್ಡ್ ನೋಡುತ್ತಿದ್ದವಳು ಇವತ್ತು ಕಾರ್ಡ್ ಕಡೆ ತಿರುಗಲೇ ಇಲ್ಲ... ವನಜಾಕ್ಷಿಯ ಮುಖವನ್ನೇ ನೋಡಿದಳು.

"ಕೂಸು ಆಫೀಸಿನ್ಯಾಗ ಮಲ್ಕೊಂಡದ್ರಿ. ಈಗ ಅದರ ಅವ್ವ ಹತ್ತಬೇಕು... ಹತ್ಲೇನ್ರಿ ಮೇಡಮ್?"

ವನಜಾಕ್ಷಿ ಮಂಡಿ ಹಿಡಿದುಕೊಂಡು ಎದ್ದಳು.

"ಬಾ ಮಾಳಮ್ಮ... ನಾನು ಮುಂದೆ ಹತ್ತುತ್ತೀನಿ."

*

*ನಮ್ಮ ಸಹಿ ನಮಗೆ ಒಂದು ಗೀಟು... ಅದನ್ನು ನಂಬಿ ಹತ್ತುವವರಿಗೆ ಅದೇ ನೆಲ.*

ಇವತ್ತು ಸುಸ್ತಾಗಿದೆ ಅಂತ ನೀವು ನೋಡದೇ "ಸರಿ ಇದೆ" ಅಂದದ್ದು ಯಾವುದನ್ನ? ಅದರ ಮೇಲೆ ಈಗ ಯಾರು ನಿಂತಿದ್ದಾರೆ?